ಐಸಾಕ್ ಬರ್ಕೆಟ್‌ನ ಹನ್ನೊಂದು ಕುರಿ

ಉಲ್ಸ್‌ವಾಟರ್ ಸರೋವರದ ದಂಡೆಯಲ್ಲಿ ಈಗ ಪ್ರವಾಸಿಗಳು ತಂಗುವ ಕ್ಯಾರವಾನ್‌ಗಳು ಸಾಲುಗಟ್ಟಿ ನಿಲ್ಲುವ ಹುಲ್ಲುಗಾವಲು ಒಂದು ಕಾಲಕ್ಕೆ ಐಸಾಕ್ ಬರ್ಕೆಟ್‌ನದು. ಅವನ ಕುರಿಗಳು ಮರಿ ಹಾಕುತ್ತಿದ್ದ ಕಡೆ ಕರೆಂಟಿನ ಕಂಬ, ನಲ್ಲಿ, ನಾಯಿ ಕಟ್ಟಿಡಿ ಎಂಬ ಬೋರ್ಡು ಬಂದಿವೆ. ಎಪ್ಪತ್ತೊಂದರ ವಯಸ್ಸಿನಲ್ಲಿ, ಬಾಡಿಗೆಯ ಕ್ಯಾರವಾನೊಂದನ್ನು ಕಾರಿನ ಹಿಂದೆ ಎಳೆದುಕೊಂಡು, ಅವನು ತನ್ನದೇ ನೆಲಕ್ಕೆ ರಜೆ ಕಳೆಯಲು ಬಂದ. ಗೇಟಿನಲ್ಲಿದ್ದಾಕೆ "ಇಪ್ಪತ್ತಮೂರನೇ ನಂಬರು, ಹಳೇ ಕಲ್ಲುಗೋಡೆ ಪಕ್ಕ" ಎಂದು ಕೈ ತೋರಿಸಿದಳು. ಆ ಗೋಡೆ ಕಟ್ಟಿದವನು ಅವನ ಅಜ್ಜ.

"ಎಡಕ್ಕೆ, ಇನ್ನೂ ಎಡಕ್ಕೆ!" ಹೆಂಡತಿ ಹಿಲ್ಡಾ ಹಿಂದೆ ನಿಂತು ಕೂಗುತ್ತಿದ್ದಳು. "ಮುನ್ನೂರು ಕುರಿ ಹೊಡ್ಕೊಂಡು ಬರ್ತಿದ್ದೆ, ಒಂದು ತಗಡಿನ ಡಬ್ಬ ಹಿಂದಕ್ಕೆ ಹೊಡೆಯೋಕೆ ಬರಲ್ವಲ್ಲೋ ಮುದುಕ!"

ಅವನಿಗೆ ನಗು ಬರಲಿಲ್ಲ. ಅವನ ಕಣ್ಣೆಲ್ಲ ಗುಡ್ಡದ ಮೇಲಿತ್ತು. ಗುಡ್ಡವೋ, ಮಂಜು ಹೊದ್ದು ಮಲಗಿತ್ತು.

ಜನ ಇಲ್ಲಿಗೆ ಬರುವುದು ದೋಣಿಗೆ, ಕಲ್ಲಿನ ಹಳೇ ಮನೆಗಳನ್ನು ನೋಡುವುದಕ್ಕೆ. ಐಸಾಕ್ ಬಂದದ್ದು ತನ್ನ ಕುರಿಗಳ ಸಂತತಿ ಉಳಿದಿದೆಯೇ ಎಂದು ನೋಡಲು. ಇಪ್ಪತ್ತೆರಡು ವರ್ಷದ ಹಿಂದೆ ಕಾಲುಬಾಯಿ ಜ್ವರ ಬಂದಾಗ ಸರ್ಕಾರದವರು ಬಿಳಿ ಅಂಗಿ ತೊಟ್ಟು ಬಂದು, ರೋಗ ಹರಡದಿರಲೆಂದು ಇದೇ ಹುಲ್ಲುಗಾವಲಿನಲ್ಲಿ ಅವನ ಇಡೀ ಮಂದೆಯನ್ನು ಗುಂಡಿಟ್ಟು ಕೊಂದರು. ಕೊಲ್ಲುವ ಮೊದಲು ಅವರಲ್ಲೊಬ್ಬ, "ಗುಡ್ಡದ ಮೇಲೆ ಇನ್ನೇನಾದ್ರೂ ಉಳಿದಿವೆಯಾ?" ಎಂದು ಕೇಳಿದ್ದ.

"ಒಂದೂ ಇಲ್ಲ" ಎಂದಿದ್ದ ಐಸಾಕ್.

ಸುಳ್ಳು. ಹನ್ನೊಂದು ಗಬ್ಬದ ಹೆಣ್ಣುಕುರಿಗಳನ್ನು ಅವನು ಬೇಕೆಂದೇ ಗುಡ್ಡದ ನೆತ್ತಿಯಲ್ಲಿ ಬಿಟ್ಟು ಬಂದಿದ್ದ. ಈ ಗುಡ್ಡಗಳಿಗೆ ಬೇಲಿಯಿಲ್ಲ. ತನ್ನ ಮೇವಿನ ಜಾಗ ಯಾವುದೆಂದು ತಾಯಿಕುರಿ ಮರಿಗೆ ಕಲಿಸುತ್ತದೆ, ಆ ಮರಿ ಮುಂದೆ ತನ್ನ ಮರಿಗೆ. ಐನೂರು ವರ್ಷದ ಆ ಪಾಠ ಒಂದು ದಿನ ನಿಂತರೆ ಮತ್ತೆ ಕಲಿಸುವವರಿಲ್ಲ. ಹನ್ನೊಂದು ಉಳಿದರೆ ಪಾಠ ಉಳಿಯುತ್ತದೆ ಎಂಬುದು ಅವನ ಲೆಕ್ಕಾಚಾರ. ಕೊಂದು ಮುಗಿದ ಸಂಜೆಯೇ ಗಂಡಹೆಂಡತಿ ಹಿಲ್ಡಾಳ ತಂಗಿಯ ಮನೆಗೆ ಹೊರಟುಹೋದರು. ಆಮೇಲೆ ಸಮುದ್ರದಂಚಿನ ಊರೊಂದರಲ್ಲಿ ಕಾರ್ಖಾನೆಯ ಗೇಟು ಕಾಯುವ ಕೆಲಸ. ಈ ಕಣಿವೆಯಿಂದ ಬಂದ ಒಂದು ಕಾಗದವನ್ನೂ ಅವನು ಒಡೆದು ನೋಡಲಿಲ್ಲ. ಹನ್ನೊಂದರ ಮರಿಗಳು, ಮರಿಗಳ ಮರಿಗಳು ಅಲ್ಲಿ ಮೇಯುತ್ತಿವೆ ಎಂದುಕೊಂಡೇ ಅಷ್ಟು ವರ್ಷ ಉಸಿರು ಹಿಡಿದುಕೊಂಡಿದ್ದ. ಬೇರೇನೂ ಅವನ ಹತ್ತಿರ ಇರಲಿಲ್ಲ.

ಮರುದಿನವೂ ಮಂಜು ಸರಿಯಲಿಲ್ಲ, ಮೇಲೆ ಮಳೆ ಬೇರೆ. ಕ್ಯಾರವಾನಿನೊಳಗೆ ಅವನು ಕೂತಲ್ಲಿ ಕೂರದೆ ಚಡಪಡಿಸುವುದನ್ನು ನೋಡಿ ಹಿಲ್ಡಾಗೆ ಸಾಕಾಯಿತು. "ನನ್ನ ಕಾಲಡಿ ಸುತ್ತಬೇಡ ಮಾರಾಯ. ಮೇಲಿನ ಕೊಟ್ಟಿಗೇಲಿ ಹಳೇ ಸಾಮಾನೆಲ್ಲ ಇಟ್ಟು ತೋರಿಸ್ತಾರಂತೆ. ಹೋಗಿ ನೋಡ್ಕೊಂಡು ಬಾ."

ಕೊಟ್ಟಿಗೆಯಲ್ಲಿ ಉಣ್ಣೆ ಕತ್ತರಿಸುವ ಕತ್ತರಿ, ಕೊಕ್ಕೆಕೋಲು, ಲಾಂದ್ರ ಎಲ್ಲಕ್ಕೂ ಚೀಟಿ ಅಂಟಿಸಿದ್ದರು. ಹತ್ತು ಹನ್ನೆರಡು ಪ್ರವಾಸಿಗಳ ಎದುರು ನಿಂತು ವಿವರಿಸುತ್ತಿದ್ದವನು ಜೋಬ್ ಮೌನ್ಸಿ. ಐಸಾಕನ ಗುಡ್ಡದ ಪಕ್ಕದ ಗುಡ್ಡ ಅವನದು. ಕೈಯಲ್ಲಿ ಒಂದು ಹಳೇ ಪುಸ್ತಕವಿತ್ತು.

"ಪ್ರತಿ ಮನೆಯ ಕುರಿಗೂ ಕಿವೀಲಿ ಒಂದೊಂದು ಥರ ಕಚ್ಚು ಹಾಕ್ತೀವಿ. ಯಾರ್ದು ಯಾವ ಕಚ್ಚು ಅಂತ ಇದ್ರಲ್ಲಿದೆ. ತಪ್ಪಿಸ್ಕೊಂಡು ಬಂದ ಕುರೀನ ಯಾರೂ ಇಟ್ಕೊಳ್ಳೋ ಹಾಗಿಲ್ಲ. ಗುರುತು ನೋಡಿ ಅವರ ಮನೆಗೆ ಮುಟ್ಟಿಸಬೇಕು. ಇಟ್ಕೊಂಡೋನ ಮುಖ ಇಲ್ಲಿ ಯಾರೂ ನೋಡಲ್ಲ." ಅಷ್ಟರಲ್ಲಿ ಅವನ ಕಣ್ಣು ಬಾಗಿಲ ಕಡೆ ಹೊರಳಿತು. "ಅಯ್ಯೋ, ಐಸಾಕ್! ಇನ್ನೂ ಇದ್ದೀಯೇನೋ?"

ಪ್ರವಾಸಿಗಳನ್ನು ಚಹಾ ಕುಡಿಯಲು ಕಳಿಸಿ ಜೋಬ್ ಅವನ ಭುಜ ಹಿಡಿದ. "ನಿನ್ನ ಕುರಿ ತಂದು ಮುಟ್ಟಿಸಿದ್ದೆನಲ್ಲ, ನನ್ನ ಕಾಗದ ಬಂತೋ ಇಲ್ವೋ?"

"ಯಾವ ಕುರಿ?"

"ಹನ್ನೊಂದು. ನಮ್ಮವುಗಳ ಜೊತೆ ಸೇರ್ಕೊಂಡಿದ್ವು. ಕಿವಿ ನೋಡಿದೆ, ನಿಂದು. ನೀನು ಹೋದ ಮಾರನೇ ದಿನ ಹೊಡ್ಕೊಂಡು ಬಂದು ನಿನ್ನ ಗೇಟಲ್ಲಿದ್ದ ಸರ್ಕಾರದವರ ಕೈಗೆ ಕೊಟ್ಟೆ. ಕುರಿ ಸಾಗಿಸಬಾರದು ಅಂತ ಆಗ ಕಾನೂನಿತ್ತು, ಆದ್ರೂ ಇನ್ನೊಬ್ಬನ ಕುರಿ ಹೆಂಗೆ ಇಟ್ಕೊಳ್ಳೋದು? ಅಲ್ಲೇ ಹೊಡೆದು ಹಾಕಿದ್ರು, ಪಾಪ."

ಜೋಬ್ ಹೀಗೆಯೇ ಮಾಡುತ್ತಾನೆಂದು ಐಸಾಕನಿಗೆ ಹೊಳೆಯಬೇಕಿತ್ತು. ತನ್ನ ಅಪ್ಪನೂ ಹಾಗೇ ಮಾಡುತ್ತಿದ್ದ, ತಾನೂ ಹಾಗೇ ಮಾಡುತ್ತಿದ್ದ. ಹಾಲು ಕುಡಿಯುವ ವಯಸ್ಸಿನಿಂದ ಬಲ್ಲ ಪದ್ಧತಿ, ಬೇಕಾದ ದಿನ ನೆನಪಿಗೆ ಬರಲಿಲ್ಲ. ಇಪ್ಪತ್ತೆರಡು ವರ್ಷ ಅವನು ಇಲ್ಲದ ಕುರಿಗಳನ್ನು ಮನಸ್ಸಿನಲ್ಲಿ ಮೇಯಿಸಿದ್ದ.

"ಆಮೇಲೆ ನಮ್ಮಲ್ಲಿಗೂ ಬಂದ್ರು" ಎಂದ ಜೋಬ್. "ಬರ್ಕೆಟ್ ಕುರಿ ನಿಮ್ಮವುಗಳ ಜೊತೆ ಬೆರೆತಿದೆ, ನಿಮ್ಮವೂ ಹೋಗಬೇಕು ಅಂದ್ರು. ನಾನೂರನ್ನೂ ಹೊಡೆದು ಹಾಕಿದ್ರು. ನಾನು ದಿನಾ ಗುಡ್ಡ ಹತ್ತಿ ನೋಡಿದ್ದಿದ್ರೆ ನಿನ್ನವು ಬೆರೆಯೋಕೆ ಮುಂಚೆ ಬೇರೆ ಮಾಡ್ತಿದ್ದೆ. ಎರಡು ದಿನ ಮಂಡಿನೋವು ಅಂತ ಹೋಗ್ಲಿಲ್ಲ. ನಿನ್ನದೇನೂ ತಪ್ಪಿಲ್ಲ ಬಿಡು. ಅಂಥಾ ಗಲಾಟೇಲಿ ಯಾರಿಗಾದ್ರೂ ಎಣಿಕೆ ತಪ್ಪುತ್ತೆ."

ಸುಮ್ಮನಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಐಸಾಕನ ನಾಲಿಗೆ ಕೇಳಲಿಲ್ಲ.

"ಎಣಿಕೆ ತಪ್ಪಿರ್ಲಿಲ್ಲ, ಜೋಬ್. ಹನ್ನೊಂದು ಮೇಲಿದ್ದಾವೆ ಅಂತ ನಂಗೆ ಗೊತ್ತಿತ್ತು. ನಾನೇ ಬಚ್ಚಿಟ್ಟಿದ್ದೆ."

ಜೋಬ್ ಭುಜದ ಮೇಲಿನ ಕೈ ತೆಗೆದ.

"ನನ್ನ ಮಗ ಆ ಮಂದೆ ನಂಬ್ಕೊಂಡಿದ್ದ" ಎಂದ. "'ನೀನು ಗುಡ್ಡ ಹತ್ತಿದ್ರೆ ಉಳೀತಿತ್ತು ಕಣಪ್ಪಾ' ಅಂತ ನಂಗೆ ಒಂದೇ ಸಲ ಅಂದ. ಆಮೇಲೆ ನನ್ನ ಹತ್ರ ಮಾತೇ ಆಡ್ಲಿಲ್ಲ. ಅವನ್ದೇ ಸರಿ ಅಂತ ನಾನೂ ಬಾಯಿ ಮುಚ್ಕೊಂಡಿದ್ದೆ."

"ಎಲ್ಲಿದ್ದಾನೆ? ನಾನೇ ಹೋಗಿ ಹೇಳ್ತೀನಿ. ಕಾಲಿಗೆ ಬೀಳ್ತೀನಿ ಬೇಕಾದ್ರೆ."

"ಹೋದ ಚಳಿಗಾಲದಲ್ಲಿ ಮಣ್ಣು ಮಾಡಿದ್ವಿ" ಎಂದು ಜೋಬ್ ಪುಸ್ತಕ ಮುಚ್ಚಿದ. "ಹೋಗು, ಐಸಾಕ್."