ರಾಜಕುಮಾರಿ ಯಾರ ಮನೆಯಲ್ಲಿರಬೇಕು?

ಹಲಸಿನ ಹಪ್ಪಳದ ಹಿಟ್ಟಿನ ವಾಸನೆ ಮೂಗಿಗೆ ಬಡಿದರೆ ಸಾಕು, ನನಗೆ ಸುಸ್ತಾಗುತ್ತದೆ. ಒತ್ತುವವರು ಬೇರೆ, ದಣಿಯುವವನು ನಾನು, ನಗಬೇಡಿ. ನಿನ್ನೆ ಮಧ್ಯಾಹ್ನ ಕುಲಶೇಖರದ ನಮ್ಮ ಮನೆಯ ಚಾವಡಿಯಲ್ಲಿ ನನ್ನ ಅಕ್ಕ ಕಮಲಕ್ಕ ಹಪ್ಪಳ ಒತ್ತುತ್ತಿದ್ದಳು. ಅವಳ ಮೊಮ್ಮಗಳು "ಅಜ್ಜ, ಒಂದು ಕತೆ ಹೇಳಿ" ಎಂದು ನನ್ನ ಪಂಚೆ ಜಗ್ಗುತ್ತಿದ್ದಳು. ಕತೆಯೆಂದರೆ ರಾಜಕುಮಾರಿಯ ಮದುವೆಯ ಕತೆಯೇ ಆಗಬೇಕು. ಆ ಬಗೆಯ ಕತೆಗಳ ಸಹವಾಸವನ್ನು ನಾನು ಬಿಟ್ಟು ಮೂವತ್ತು ವರ್ಷವಾಯಿತು.

ನಮ್ಮ ಅಜ್ಜಿ ಕತೆ ಹೇಳುತ್ತಿದ್ದುದೂ ಹಪ್ಪಳ ಒತ್ತುವಾಗಲೇ. ಕೇಳುವವರು ಹ್ಞೂಂಗುಟ್ಟುತ್ತಿರಬೇಕು, ಮರೆತರೆ ರಾಜಕುಮಾರ ಏಳನೆಯ ಸಮುದ್ರದ ನಡುವೆಯೇ ನಿಂತುಬಿಡುತ್ತಿದ್ದ. ಅವನು ರಾಕ್ಷಸನನ್ನು ಕೊಂದು, ರಾಜಕುಮಾರಿಯನ್ನು ಬಿಡಿಸಿ, ಮದುವೆಯಾಗಿ, ಕೊನೆಗೆ ಮಾಡುತ್ತಿದ್ದುದೇನು? ಸಂಜೆ ಅವಳ ತಾಯಿಮನೆಗೆ ಬಂದು, ಕಾಲು ತೊಳೆದು ಊಟಕ್ಕೆ ಕೂರುತ್ತಿದ್ದ. ಅಷ್ಟೆ. ನಮ್ಮದು ಅಳಿಯಸಂತಾನದ ಮನೆ ನೋಡಿ. ಮನೆ ಹೆಣ್ಣುಮಕ್ಕಳದು, ಗಂಡಸಿನ ಆಸ್ತಿ ಅವನ ಹೆಂಡತಿ ಮಕ್ಕಳಿಗಲ್ಲ, ಅಕ್ಕತಂಗಿಯರ ಮಕ್ಕಳಿಗೆ. ಕತೆ ಕಟ್ಟುವವರು ಮೊದಲು ಮನೆಯ ಕಟ್ಟುಕಟ್ಟಳೆ ನೋಡುತ್ತಾರೆ, ಪ್ರೀತಿಗೀತಿ ಎಲ್ಲ ಆಮೇಲೆ.

ನಾನು ಶಾಲೆಗೆ ಹೋಗಿ ಕನ್ನಡ ಓದಲು ಕಲಿತ ಪಂಡಿತ. ಅಲ್ಲಿಂದ ತಂದ ಕತೆಪುಸ್ತಕವನ್ನು ಕಮಲಕ್ಕನಿಗೆ ಓದಿ ಹೇಳುತ್ತಿದ್ದೆ. ಅದರಲ್ಲಿ ರಾಜನು ಮಗಳ ಗಂಡನಿಗೆ ಅರ್ಧ ರಾಜ್ಯ ಕೊಟ್ಟುಬಿಡುತ್ತಾನೆ. ಹಪ್ಪಳ ಒತ್ತುತ್ತಿದ್ದ ಅಜ್ಜಿ ಕೈ ನಿಲ್ಲಿಸಿದಳು.

"ಅರ್ಧ ರಾಜ್ಯ ಕೊಡ್ಲಿಕ್ಕೆ ಅವ ಯಾರು ಮಾರಾಯ? ಅದು ಅವನ ತಂಗಿಯ ಮಕ್ಕಳದ್ದಲ್ವಾ?"

ನಾವು ಬಿದ್ದು ಬಿದ್ದು ನಕ್ಕೆವು. ನಕ್ಕು ಮುಗಿದ ಮೇಲೆ ಅಕ್ಕ, "ಕೊನೆಯ ಪುಟ ಇನ್ನೊಮ್ಮೆ ಓದು" ಎಂದಳು. ರಾಜಕುಮಾರ ಅವಳನ್ನು ಕುದುರೆಯ ಮೇಲೆ ಕೂರಿಸಿಕೊಂಡು ತನ್ನ ಅರಮನೆಗೆ ಹೋಗುವ ಪುಟ. ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ.

ಅಕ್ಕನ ಮದುವೆ ಹಂಚಿನ ಕಾರ್ಖಾನೆಯಲ್ಲಿ ಲೆಕ್ಕ ಬರೆಯುವ ರೈಟರೊಬ್ಬರ ಜೊತೆ ಆಯಿತು. ಒಳ್ಳೆಯ ಮನುಷ್ಯ. ಬಂದರಿನ ಹತ್ತಿರ ಸಣ್ಣದೊಂದು ಮನೆ ಕಟ್ಟಿಸಿ, "ಬರ್ತೀಯಾ?" ಎಂದು ಅಕ್ಕನನ್ನು ಕೇಳಿದರು. ಅಜ್ಜಿ ಬೇಡವೆಂದಳು: "ಅವನಿಗೆ ಎಂತಾದ್ರೂ ಆದ್ರೆ ಆ ಮನೆಯಲ್ಲಿ ನಿನಗೆ ಎಂತ ಉಂಟು?" ಅಕ್ಕ ನನ್ನ ಮುಖ ನೋಡಿದಳು. ಹನ್ನೆರಡು ವರ್ಷದ ನಾನು ದೊಡ್ಡ ವಕೀಲನ ಹಾಗೆ, "ಹೋಗಕ್ಕ, ಪುಸ್ತಕದಲ್ಲಿ ಹಾಗೇ ಉಂಟು" ಎಂದೆ.

ಹೋದಳು. ಎಂಟು ವರ್ಷಕ್ಕೆ ಭಾವ ಜ್ವರದಲ್ಲಿ ತೀರಿಕೊಂಡರು. ಹದಿಮೂರನೆಯ ದಿನದ ಊಟ ಮುಗಿದದ್ದೇ ಅವರ ಅಕ್ಕನ ಮಗ ಬಂದು ಬೀಗದ ಕೈ ಕೇಳಿದ. ಗದರಲಿಲ್ಲ, ಪಾಪ. ಪದ್ಧತಿ ಹಾಗಿತ್ತು. ಅಕ್ಕ ಎರಡು ಮಕ್ಕಳನ್ನು ಕಟ್ಟಿಕೊಂಡು ನಡೆದೇ ಬಂದಳು. 'ನಾನು ಹೇಳಿರಲಿಲ್ಲವಾ' ಎಂದು ಅಜ್ಜಿ ಅನ್ನಲಿಲ್ಲ. "ಕಾಲು ತೊಳೆದು ಬಾ ಮಗಾ, ಗಂಜಿ ಉಂಟು" ಎಂದಳು. ಮೀಸೆ ಬಂದ ನಾನು ಹಿತ್ತಲಲ್ಲಿ ಅಡಗಿ ಕೂತೆ. ಅಂದಿನಿಂದ ಆ ವಿಷಯವನ್ನು ನಾವಿಬ್ಬರೂ ಎತ್ತಿಲ್ಲ. ಒಂದೇ ಮನೆಯಲ್ಲಿದ್ದು ಒಂದು ಮಾತನ್ನು ಇಷ್ಟು ಕಾಲ ತಪ್ಪಿಸಿಕೊಂಡು ಓಡಾಡುವುದಿದೆಯಲ್ಲ, ಅದಕ್ಕಿಂತ ದೊಡ್ಡ ಆಯಾಸ ನನಗೆ ಗೊತ್ತಿಲ್ಲ.

ನಿನ್ನೆ ಮಗುವಿನ ಕಾಟ ತಡೆಯಲಾರದೆ ಶುರು ಮಾಡಿದೆ. ಹೇಗೋ ಮದುವೆಯವರೆಗೆ ತಂದೆ.

"ಮತ್ತೆ ರಾಜಕುಮಾರಿ ಎಲ್ಲಿಗೆ ಹೋದಳು?"

"ಎಲ್ಲಿಗೂ ಹೋಗಲಿಲ್ಲ ಮಗಾ. ಅಮ್ಮನ ಮನೆಯಲ್ಲೇ ಇದ್ದಳು" ಎಂದೆ. ಅಪಾಯವಿಲ್ಲದ ದಾರಿ.

"ಮಗುವಿಗೆ ಸುಳ್ಳು ಹೇಳ್ಬೇಡ" ಎಂದಳು ಕಮಲಕ್ಕ, ತಲೆ ಎತ್ತದೆ. "ಹೋದಳು ಅಂತ ಹೇಳು. ಎಂಟು ವರ್ಷ ಚಂದ ಇದ್ದಳು."

"ಮತ್ತೆ?" ಎಂದಿತು ಮಗು.

"ಮತ್ತೆ ಬಂದಳು. ಬರ್ಲಿಕ್ಕೆ ಮನೆ ಇತ್ತು, ಬಂದಳು."

"ಹೋಗು ಅಂದವ ನಾನಲ್ವಾ ಅಕ್ಕ" ಎಂದೆ.

"ನೀನಾ?" ಅಕ್ಕ ಒತ್ತುವುದನ್ನು ಬಿಟ್ಟು ನನ್ನನ್ನೇ ನೋಡಿದಳು. "ನಿನ್ನ ಮಾತು ಕೇಳಿ ಹೋದೆ ಅಂತ ಗ್ರಹಿಸಿದ್ದೀಯಾ ಇಷ್ಟು ವರ್ಷ? ಅವರು ನನ್ನನ್ನು ಕೇಳಿದ್ರಲ್ಲ ಮಾರಾಯ, ಬರ್ತೀಯಾ ಅಂತ. ಕೇಳಿದ್ದಕ್ಕೆ ಹೋದೆ."