ಸಾಹೇಬರ ವಾಡೆಯ ಗವಂಡಿ ಕಾಕಾ

ಗವಂಡಿ ಕಾಕಾನ ಹತ್ತು ಬೆರಳುಗಳಲ್ಲಿ ಒಂದಕ್ಕೂ ಗೆರೆ ಇರಲಿಲ್ಲ. ಗಾರೆ ಕೆಲಸದ ಸುಣ್ಣ ಚರ್ಮ ತಿಂದು ತುದಿಗಳು ಬೆಳ್ಳಗೆ, ನುಣ್ಣಗೆ ಆಗಿದ್ದವು. ಆಧಾರ್ ಕಾರ್ಡಿನವರು ನಾಲ್ಕು ಸಲ ಒರೆಸಿ ಒತ್ತಿಸಿಕೊಂಡರೂ ಯಂತ್ರ ಒಪ್ಪಲಿಲ್ಲ. ಅದಕ್ಕೂ ಅವನಿಗೆ ಹೆಮ್ಮೆಯೇ. ಹೆಮ್ಮೆ, ಹಟ ಎರಡೂ ಅವನಲ್ಲಿ ವಿಪರೀತ.

ನಿಪ್ಪಾಣಿಯ ಪೇಟೆಯಲ್ಲಿ ಸಾಹೇಬರ ವಾಡೆ ಎಂದರೆ ಮಕ್ಕಳೂ ತೋರಿಸುತ್ತಿದ್ದರು. ತಂಬಾಕಿನ ವ್ಯಾಪಾರಕ್ಕೆ ಬಂದ ಇಂಗ್ಲಿಷಿನವನೊಬ್ಬ ತನ್ನೂರಿನ ಮಾದರಿಯಲ್ಲೇ ಕಟ್ಟಿಸಿದ್ದು. ಕೆಳಗೆ ಕಮಾನಿನ ಬಾಗಿಲುಗಳ ಅಂಗಡಿ, ಮೇಲೆ ಮನೆ, ಅಂಗಡಿಯೊಳಗಿಂದಲೇ ಏರುವ ಕಟ್ಟಿಗೆಯ ಮೆಟ್ಟಿಲು, ರಸ್ತೆಯ ಮೇಲೆ ಹೊಟ್ಟೆ ಮುಂದಿಟ್ಟುಕೊಂಡು ನಿಂತ ಕಿಟಕಿ, ನಮ್ಮ ಬಿಸಿಲಿಗೆ ಯಾಕೆ ಬೇಕಿತ್ತೋ ಒಂದು ಹೊಗೆಗೂಡು. ಎರಡು ಮೊಳ ದಪ್ಪದ ಇಟ್ಟಂಗಿ ಗೋಡೆಗಳಿಗೆ ಸುಣ್ಣದ ಗಾರೆ. ಕಾಕಾನ ಅಜ್ಜ ಅದನ್ನು ಕಟ್ಟಿದವರಲ್ಲಿ ಒಬ್ಬ. ಆಮೇಲಿನ ರಿಪೇರಿಯೆಲ್ಲ ಅವರ ಮನೆತನದ್ದೇ. ಕಾಕಾ ಗೋಡೆಗೆ ಗೆಣ್ಣಿನಿಂದ ಬಡಿದು, ಕಿವಿಯಿಟ್ಟು ಕೇಳಿ, ಆಮೇಲೆಯೇ ಗಾರೆ ಮೆತ್ತುವ ಥಾಪಿ ಹಿಡಿಯುತ್ತಿದ್ದ.

ನಾನು ಆಗಷ್ಟೇ ಚಿಕ್ಕೋಡಿಯಲ್ಲಿ ಡಿಪ್ಲೊಮಾ ಮುಗಿಸಿದ ಎಂಜಿನಿಯರ್. ವಾಡೆ ಕೊಂಡು ಬಟ್ಟೆ ಅಂಗಡಿ ಇಟ್ಟಿದ್ದ ಶೇಠಜಿ ಗೋಡೆಯ ಬುಡದ ತೇವ ತೋರಿಸಿ, ಏನು ಮಾಡಬೇಕೆಂದು ಕೇಳಿದರು. ಸುಣ್ಣ ಹಳೆಯ ಕಾಲದ್ದು, ಸಿಮೆಂಟ್ ಪ್ಲಾಸ್ಟರ್ ಮಾಡಿಸಿ ಎಂದೆ. ಅಲ್ಲೇ ಕೆಲಸಕ್ಕಿದ್ದ ಕಾಕಾ ಅಡ್ಡ ಬಂದ.

“ಈ ಗ್ವಾಡಿ ಉಸರಾಡತೈತ್ರಿ. ಸಿಮೆಂಟ್ ಬಳದ್ರ ಒಳಗಿನ ನೀರು ಒಳಗ ಉಳೀತೈತಿ.”

ಗಿರಾಕಿಗಳ ಮುಂದೆಯೇ ಶೇಠಜಿ ನಕ್ಕರು. ಗೋಡೆ ಕೆಟ್ಟಿದ್ದೇ ನಿನ್ನ ಹಾಳು ಕೆಲಸದಿಂದ ಎಂದು, ಹೌದೇನು ಎಂಬಂತೆ ನನ್ನ ಕಡೆ ನೋಡಿದರು. ನನಗೆ ಗೊತ್ತಿರಲಿಲ್ಲ, ಆದರೂ ತಲೆಯಾಡಿಸಿದೆ. ಕಾಕಾ ಥಾಪಿ ಒರೆಸಿ ಚೀಲಕ್ಕೆ ಹಾಕಿಕೊಂಡು ಹೋದ. ಮೂರು ತಲೆಮಾರಿನ ಹೆಸರು ಅಷ್ಟರಲ್ಲೇ ಹೋಯಿತು. ಪೇಟೆಯಲ್ಲಿ ಅವನನ್ನು ಕೆಲಸಕ್ಕೆ ಕರೆಯುವವರೇ ಇಲ್ಲವಾದರು.

ಮುಂದಿನ ಮಳೆಗಾಲದಲ್ಲಿ ಶೇಠಜಿ ಬಳಿಸಿದ ಸಿಮೆಂಟ್ ಉಬ್ಬಿತು. ಅದರ ಮುಂದಿನದರಲ್ಲಿ ಹಪ್ಪಳದಂತೆ ಉದುರಿತು. ತೇವ ಮೇಲೇರಿ ಕಿಟಕಿ ಹೊತ್ತ ತೊಲೆಯ ತುದಿ ಮೆತ್ತಗಾಯಿತು, ಇಳಕಲ್ ಸೀರೆಗಳಿಗೆ ಬೂಷ್ಟು ಹಿಡಿಯಿತು. ಕಾಕಾ ತನ್ನೂರು ಭೋಜದಿಂದ ಬಸ್ಸು ಹತ್ತಿ ಬಂದು, ಎದುರಿನ ಚಹಾದಂಗಡಿಯಲ್ಲಿ ಕುಳಿತು, ಉಬ್ಬಲಿ, ಇನ್ನೂ ಉಬ್ಬಲಿ ಎಂದು ಸುತ್ತಲಿನವರಿಗೆ ಕೇಳುವಂತೆ ಅನ್ನುತ್ತಿದ್ದ. ಶೇಠಜಿ ಮೂರು ಸಲ ಆಳು ಕಳಿಸಿದರೂ ರಸ್ತೆ ದಾಟಲಿಲ್ಲ. ಕೊನೆಗೆ ಅವರು ನನ್ನನ್ನೂ ಕರೆದುಕೊಂಡು ಅವನ ಮನೆಗೇ ಹೋದರು. ಕಾಕಾ ಕೂರಲೂ ಹೇಳಲಿಲ್ಲ.

“ಸಂತಿ ದಿನ, ಅಂಗಡಿ ಮುಂದ, ನೀವಿಬ್ಬರೂ ಸಿಮೆಂಟ್ ಕೆತ್ತಬೇಕು. ಮಂದಿ ಮುಂದ ಹ್ವಾದ ಹೆಸರು ಮಂದಿ ಮುಂದನ ಬರಬೇಕು.”

ಕೆತ್ತಿದೆವು. ಪೇಟೆಯೇ ನಿಂತು ನೋಡಿತು. ಕಾಕಾ ಕುರ್ಚಿ ಹಾಕಿಸಿಕೊಂಡು ಕುಳಿತು, ಇಟ್ಟಂಗಿಗೆ ಪೆಟ್ಟು ಬೀಳದಂತೆ ಸಾವಕಾಶ ಕೆತ್ತಲು ಹೇಳುತ್ತಿದ್ದ. ಹಾಳು ಕೆಲಸ ಯಾರದೆಂದು ಶೇಠಜಿಯ ಬಾಯಿಂದಲೇ ಹೇಳಿಸಿದ. ತಾಸಿನ ನಂತರ ಅವರನ್ನು ಬಿಟ್ಟ. ನನ್ನನ್ನು ಬಿಡಲಿಲ್ಲ. ನಾಲ್ಕು ತಿಂಗಳು ಸುಣ್ಣ ನೆನೆಹಾಕಿಸಿದ, ಬೆಲ್ಲದ ನೀರು ಬೆರೆಸಿ ಗಾರೆ ಅರೆಸಿದ, ಒಂದು ದಿನವೂ ಹೆಸರು ಹಿಡಿದು ಕರೆಯಲಿಲ್ಲ. ವಾಡೆ ಉಳಿಯಿತು. ಇವತ್ತು ಅಥಣಿ, ರಾಯಬಾಗದ ಹಳೆಯ ಮನೆಗಳಿಗೂ ಜನ ನನ್ನನ್ನೇ ಕರೆಯುತ್ತಾರೆ. ನಾನು ಉಣ್ಣುವ ಅನ್ನ ಅವನದು.

ಅವನು ಹಾಸಿಗೆ ಹಿಡಿದಾಗ ನೋಡಲು ಹೋದೆ. ಅವತ್ತು ತಲೆಯಾಡಿಸಿದ್ದು ತಪ್ಪಾಯಿತು ಎಂದು ಕಾಲು ಮುಟ್ಟಿದೆ. ಕಾಲು ಹಿಂದಕ್ಕೆಳೆದುಕೊಂಡ.

“ಮಾಫಿ ಇಲ್ಲ. ನಾ ಸತ್ತ ಮ್ಯಾಲ ಆ ಗ್ವಾಡಿ ನೋಡಾಕ ಒಬ್ಬಾಂವ ಬೇಕಾಗಿದ್ದ, ಕಲಿಸೀನಿ. ಅಷ್ಟ.”

ವಾರದೊಳಗೆ ತೀರಿಕೊಂಡ. ಮಾಫಿ ಕೊಡದೆ ಹೋದನಲ್ಲ ಎಂಬ ಸಿಟ್ಟು ನನಗೂ ಇದೆ. ಪ್ರತಿ ಮಳೆಗಾಲಕ್ಕೆ ಮುಂಚೆ ಅದೇ ಸಿಟ್ಟಿನಲ್ಲಿ ವಾಡೆಗೆ ಹೋಗುತ್ತೇನೆ. ಅವನೇ ಎದ್ದು ಬಂದರೂ ಒಂದು ತಪ್ಪು ಸಿಗಬಾರದು, ಹಾಗೆ ಮಾಡುತ್ತೇನೆ.