ಹಡಗಿನಿಂದ ಬಂದ ಅಪ್ಪ

ಹೊಸ ಕೆಲಸ ಉಳಿಸಿಕೊಳ್ಳಲೆಂದು ನಾನು ಮೈಸೂರಿನಲ್ಲಿ ಅತ್ತೆಯ ಬಳಿ ಬಿಟ್ಟಿದ್ದ ಮಗ ನಿನ್ನೆ ವಾಪಸ್ ಬರುವವನಿದ್ದ. ಅದಕ್ಕೂ ಮುಂಚೆ ಅವನಿಗೆ ಆಟಿಕೆ ಕೊಳ್ಳಲು, ನಾನು ಕೆಲಸಕ್ಕಿರುವ ಈ ಪರದೇಶದ ಬೂನ್ ಲೇ ಬಡಾವಣೆಯ ಮಾಲ್‌ಗೆ ಹೋದರೆ ಅಂಗಡಿಯೊಂದರಿಂದ ಪ್ಲಾಸ್ಟಿಕ್ ಅಂಟಿನ ಘಾಟು ಬಂತು. ನಿಂತುಬಿಟ್ಟೆ.

ನಾನು ಚಿಕ್ಕವಳಿದ್ದಾಗ ಅಪ್ಪನ ಕೆಲಸದಿಂದಾಗಿ ನಾವು ಜಪಾನಿನ ಬಂದರು ಊರೊಂದರಲ್ಲಿದ್ದೆವು; ಪಕ್ಕದ ಮನೆಯಲ್ಲಿ ಅಮೆರಿಕದ ನೌಕಾಪಡೆಯ ಮೈಕ್ ಅಂಕಲ್ ಇದ್ದರು. ರಜೆ ಬಂತೆಂದರೆ ಬಾಲ್ಕನಿಯಲ್ಲಿ ಪೇಪರ್ ಹಾಸಿ, ಚಿಮಟದಲ್ಲಿ ಚೂರುಗಳನ್ನು ಹಿಡಿದು, ಬೆರಳುದ್ದದ ಜಪಾನಿ ರೈಲುಗಳ ಪ್ಲಾಸ್ಟಿಕ್ ಮಾದರಿಗಳನ್ನು ಅಂಟಿಸುತ್ತಾ ಕೂರುತ್ತಿದ್ದರು.

"ಹಡಗು ಯಾಕೆ ಮಾಡಲ್ಲ ನೀವು?" ಎಂದು ಅಪ್ಪ ರೇಗಿಸುತ್ತಿದ್ದರು.

"ರಜೆಯಲ್ಲೂ ಹಡಗಾ? ರೈಲಾದ್ರೆ ಸಂಜೆಗೆ ಮನೆಗೆ ಬರುತ್ತೆ."

ಒಮ್ಮೆ ಅವರ ಹಡಗು ಹೋಗಿ ತಿಂಗಳುಗಟ್ಟಲೆ ಬರಲಿಲ್ಲ. ಅಷ್ಟರಲ್ಲಿ ಅವರ ಪುಟ್ಟ ಮಗಳು ನಡೆಯಲು ಕಲಿತಿದ್ದಳು. ಬಂದವರೇ ಬಾಗಿಲಲ್ಲಿ ಮಂಡಿಯೂರಿ ಕೈ ಚಾಚಿದರು. ಮಗು ಕಿಟಾರನೆ ಕಿರುಚಿ ಪಕ್ಕದಲ್ಲೇ ನಿಂತಿದ್ದ ನನ್ನ ಅಮ್ಮನ ಕಾಲು ತಬ್ಬಿಕೊಂಡಿತು.

"ನಾಳೆ ಹೊಂದ್ಕೋತಾಳೆ ಬಿಡಿ," ಎಂದಳು ಅಮ್ಮ.

ಎಲ್ಲರ ಜೊತೆ ಅವರೂ ನಕ್ಕರು. ಆಮೇಲೆ ಸಂಜೆಯವರೆಗೆ ಬೂಟು ಕೂಡ ಬಿಚ್ಚದೆ ಬಾಲ್ಕನಿಯಲ್ಲಿ ಕೂತಿದ್ದರು. ರೈಲು ಮುಟ್ಟಲಿಲ್ಲ. ಅವಳು ಹೊಂದಿಕೊಳ್ಳುವ ಹೊತ್ತಿಗೆ ಹಡಗು ಮತ್ತೆ ಹೊರಟಿತ್ತು.

ನಿನ್ನೆ ಏರ್‌ಪೋರ್ಟ್‌ನಲ್ಲಿ ನಾನೂ ಮಂಡಿಯೂರಿದೆ. ಮಗ ಅತ್ತೆಯ ಸೆರಗು ಹಿಡಿದು ಹಿಂದೆ ಸರಿದ.

"ಅಮ್ಮ ಕಣೋ! ಫೋನಲ್ಲಿ ದಿನಾ ಮಾತಾಡ್ತಿದ್ಯಲ್ಲ?" ಎಂದರು ಅತ್ತೆ.

ಅವನು ನನ್ನನ್ನೇ ನೋಡಿ, ಅಪರಿಚಿತರನ್ನು ಮಾತಾಡಿಸಲು ಹೇಳಿಕೊಟ್ಟಿದ್ದ ಮರ್ಯಾದೆಯಲ್ಲಿ, "ಹಾಯ್ ಆಂಟಿ," ಎಂದ.

ಈಗ ಅತ್ತೆಯ ಪಕ್ಕ ಮಲಗಿದ್ದಾನೆ. ನನಗೆ ನಿದ್ದೆಯಿಲ್ಲ. ನಾಳೆ ಹೊಂದಿಕೊಳ್ಳುತ್ತಾನಂತೆ, ಎಲ್ಲರೂ ಹೇಳುತ್ತಿದ್ದಾರೆ. ಸೋಮವಾರಕ್ಕೆ ನನ್ನ ರಜೆ ಮುಗಿಯುತ್ತದೆ.